ಪದವಿನ ಮೇಲೆ ಗಾಲ್ಫ್: ಮೊದಲು ಕಣಿ, ಆಮೇಲೆ ಕಟ್ಟಡ

(ಮಂಗಳೂರಿನಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ತುಂಬ ಕಡೆ ತುಳು ನುಗ್ಗಿತ್ತು, ಅದನ್ನು ಕನ್ನಡಕ್ಕೆ ತಂದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಲ್ಫ್ ಆಟಗಾರ ಅಲ್ಲ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿದ್ದೆ, ಗಾಲ್ಫ್ ಮೈದಾನಗಳಲ್ಲಿ ಕೆಲಸ ಮಾಡಿದೆ. "ಗಲ್ಫಿನಲ್ಲಿ ಗಾಲ್ಫು" ಅಂತ ನನ್ನ ಭಾವ ಈಗಲೂ ತಮಾಷೆ ಮಾಡುತ್ತಾರೆ. ಪೈಪು ಜೋಡಿಸುವ ಕೆಲಸಕ್ಕೆ ಸೇರಿದವನು, ಊರಿಗೆ ಮರಳುವಾಗ ಒಂದು ಮೈದಾನದ ಹುಲ್ಲು, ನೀರು, ಮರಳು ಎಲ್ಲ ನೋಡಿಕೊಳ್ಳುತ್ತಿದ್ದೆ. ಚೆಂಡು ಹೊಡೆದದ್ದು ಬೆರಳೆಣಿಕೆಯಷ್ಟು ಸಲ. ಹೊಡೆದದ್ದೆಲ್ಲ ಪೊದೆಗೆ ಹೋಯಿತು.

ಸಂಘಟಕರು ಕೊಟ್ಟ ವಿಷಯ ಇದು: ಸರಕಾರದ ಕೈಯಲ್ಲಿರುವ ಗಾಲ್ಫ್ ಮೈದಾನವನ್ನು ಸರಿಮಾಡಿ ಪ್ರವಾಸಿಗರನ್ನು ಕರೆಸುವುದು ಹೇಗೆ? ಫೋನ್ ಮಾಡಿದವರು ಮೊದಲು ಕೇಳಿದ್ದು, "ಕ್ಲಬ್‌ಹೌಸ್ ಎಷ್ಟು ದೊಡ್ಡದಿರಬೇಕು?" ನಾನು ತಿರುಗಿ ಕೇಳಿದೆ, "ಜುಲೈಯಲ್ಲಿ ಮಳೆ ನಿಂತ ಮೇಲೆ ನೆಲದಲ್ಲಿ ನೀರು ಎಷ್ಟು ಹೊತ್ತು ಇರುತ್ತದೆ?" ಅವರಿಗೆ ಸ್ವಲ್ಪ ಬೇಜಾರಾಯಿತೋ ಏನೋ. ಆದರೂ ಕರೆದರು.

ಯಾವುದೋ ಒಂದು ಮೈದಾನದ ಹೆಸರು ಹೇಳಿ ಇಲ್ಲಿ ಹೀಗೆ ಮಾಡಿ ಅನ್ನಲು ನಾನು ಬಂದಿಲ್ಲ. ನಮ್ಮ ಜಿಲ್ಲೆಯ ಯಾವುದಾದರೂ ಪದವಿನ ಮೇಲೆ, ಅಂದ್ರೆ ಗುಡ್ಡದ ನೆತ್ತಿಯ ಬಯಲಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ, ಒಂಬತ್ತು ಹೋಲಿನ ಸಾರ್ವಜನಿಕ ಮೈದಾನ ಇದ್ದರೆ ಏನು ಮಾಡಬಹುದು ಅಂತ ಯೋಚಿಸೋಣ.

ಇಲ್ಲಿ ಗಾಲ್ಫ್ ಗೊತ್ತಿಲ್ಲದವರೇ ಜಾಸ್ತಿ ಇದ್ದೀರಿ. ಎರಡು ನಿಮಿಷ. ಮೊದಲ ಹೊಡೆತ ಹೊಡೆಯುವ ಜಾಗ ಟೀ. ಚೆಂಡು ಬೀಳಬೇಕಾದ ಕುಳಿ ಇರುವ ನುಣುಪಾದ ಜಾಗ ಗ್ರೀನ್. ಕುಳಿಯ ಅಗಲ 108 ಮಿ.ಮೀ., ತೆಂಗಿನ ಗೆರಟೆಯಷ್ಟು ಅನ್ನಿ. ನಡುವಿನ ಹುಲ್ಲಿನ ಹಾದಿ ಫೇರ್‌ವೇ, ಆಚೀಚೆ ಒರಟಾಗಿ ಬೆಳೆದದ್ದು ರಫ್. ಟೀಯಿಂದ ಕುಳಿಯವರೆಗಿನ ಇಡೀ ಹಾದಿಗೆ ಒಂದು ಹೋಲ್ ಅನ್ನುತ್ತಾರೆ. ಇಂಥದ್ದು ಒಂಬತ್ತು, ಇಲ್ಲವೇ ಹದಿನೆಂಟು. ಹದಿನೆಂಟು ಆಡಲು ನಾಲ್ಕು, ನಾಲ್ಕೂವರೆ ಗಂಟೆ ಬೇಕು. ಇಡೀ ಮೈದಾನದಲ್ಲಿ ಗ್ರೀನಿನ ಪಾಲು ತೀರಾ ಸಣ್ಣದು. ಆದರೆ ಹದಿನೆಂಟು ಹೋಲಿಗೆ ಸಾಮಾನ್ಯವಾಗಿ ಇಡುವ 72 ಹೊಡೆತದ ಲೆಕ್ಕದಲ್ಲಿ 36 ಗ್ರೀನಿನ ಮೇಲೆಯೇ ಆಗಬೇಕು. ಆಟಗಾರ ಮನೆಗೆ ಹೋಗಿ ಹೊಗಳುವುದೂ ಬೈಯುವುದೂ ಅದನ್ನೇ.

ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರೆ, ಅಂದ್ರೆ ಕೋಣ ಓಡುವ ಕೆಸರಿನ ಹಾದಿ, ಸರಿ ಇಲ್ಲದಿದ್ದರೆ ಎಂಥ ಕೋಣ ಇದ್ದರೂ ಓಟ ಕೆಡುತ್ತದೆ. ಕರೆಗೆ ಎಷ್ಟು ನೀರು, ಮಣ್ಣು ಎಷ್ಟು ಹದ ಅಂತ ನೋಡುವವರು ಮೊದಲು. ಶಾಮಿಯಾನ ಆಮೇಲೆ ಬರುತ್ತದೆ.

ಈಗ ಪ್ರವಾಸಿ ಯಾರು ಅಂತ ನೋಡೋಣ. ಇದನ್ನು ಕೇಳದೆಯೇ ನಕ್ಷೆ ಬರೆಸುವವರಿದ್ದಾರೆ.

ಬೆಂಗಳೂರಿನವರು ಬರಬಹುದು. ಆದರೆ ಅಲ್ಲಿ ಗಾಲ್ಫ್ ಕ್ಲಬ್ ಶುರುವಾದದ್ದೇ 1876ರಲ್ಲಿ. ಅವರಿಗೆ ಆಡಲು ಜಾಗವಿಲ್ಲದೆ ಘಾಟಿ ಇಳಿಯುವುದಿಲ್ಲ. ಸಮುದ್ರ, ಮೀನು, ದೇವಸ್ಥಾನ ಅಂತ ಎರಡು ದಿನಕ್ಕೆ ಬಂದವರು ಒಂದು ಬೆಳಿಗ್ಗೆ ನಮಗೆ ಕೊಟ್ಟಾರು. ಇನ್ನು ನವಮಂಗಳೂರು ಬಂದರಿಗೆ ಬರುವ ಪ್ರವಾಸಿ ಹಡಗಿನವರು. ಮಳೆ ಮುಗಿದ ಮೇಲೆ ಬರುತ್ತಾರೆ, ಬೆಳಿಗ್ಗೆ ಇಳಿದು ಸಂಜೆಯೊಳಗೆ ಹತ್ತುತ್ತಾರೆ. ಮೂಡುಬಿದಿರೆಯ ಬಸದಿ ನೋಡಿ ಹದಿನೆಂಟು ಹೋಲ್ ಆಡಲು ಅವರಿಗೆ ಹೊತ್ತಿಲ್ಲ. ಒಂಬತ್ತಾದರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಹಾಗಾಗಿ ಒಂಬತ್ತು ಇದೆಯಲ್ಲ, ಹದಿನೆಂಟು ಮಾಡೋಣ ಎಂಬ ಆಸೆ ಬೇಡ. ಪ್ರತಿ ಹೋಲಿಗೆ ಎರಡೆರಡು ಟೀ ಕಟ್ಟಿದರೆ ಹದಿನೆಂಟು ಬೇಕಾದವರು ಅದನ್ನೇ ಎರಡು ಸುತ್ತು, ಎರಡು ಬೇರೆ ಕೋನದಿಂದ ಆಡುತ್ತಾರೆ. ಹಡಗಿನವರು ಕ್ಲಬ್ಬು, ಅಂದ್ರೆ ಹೊಡೆಯುವ ಕೋಲು, ಹೊತ್ತು ತರುವುದಿಲ್ಲ. ಬಾಡಿಗೆಗೆ ಒಳ್ಳೆಯ ಹತ್ತು ಸೆಟ್ ಇಟ್ಟರೆ ಅದು ಕ್ಲಬ್‌ಹೌಸಿನ ಮುಂದಿನ ಕಾರಂಜಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೂರನೆಯವರು ನಮ್ಮವರೇ, ಗಲ್ಫಿನಲ್ಲಿರುವವರು. ಇವರನ್ನು ಯಾರೂ ಪ್ರವಾಸಿ ಅನ್ನುವುದಿಲ್ಲ, ಆದರೆ ವರ್ಷವೂ ತಪ್ಪದೆ ಬರುವವರು ಇವರು. ಬಜಪೆಯಲ್ಲಿ ಇಳಿಯುವ ದುಬೈ, ಅಬುಧಾಬಿ ವಿಮಾನ ನೋಡಿ. ಜೊತೆಗೆ ಮಕ್ಕಳು, ಕೆಲವು ಸಲ ಅಲ್ಲಿನ ಗೆಳೆಯರೂ ಇರುತ್ತಾರೆ. ಅಲ್ಲಿ ಆಟ ಕಲಿತವರು ಈಗ ತುಂಬ ಜನ. ದುಬೈಯಲ್ಲಿ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಹುಲ್ಲಿನ ಮೈದಾನ ಬಂದದ್ದು 1988ರಲ್ಲಿ. ಅದಕ್ಕೆ ಮುಂಚೆ ಮರಳಿನ ಮೇಲೆ ಆಡುತ್ತಿದ್ದರು. ಗ್ರೀನ್ ಇರಬೇಕಾದ ಜಾಗದಲ್ಲಿ ಮರಳಿಗೆ ಎಣ್ಣೆ ಹಾಕಿ ಒತ್ತಿ ಗಟ್ಟಿ ಮಾಡುತ್ತಿದ್ದರು. ಅದಕ್ಕೆ ಬ್ರೌನ್ ಅಂತ ಹೆಸರು!

ಆದರೆ ಈ ಮೂರನೆಯವರಿಗೆ ರಜೆ ಯಾವಾಗ? ಜುಲೈ, ಆಗಸ್ಟ್. ಮಕ್ಕಳ ಶಾಲೆಗೆ ಅಲ್ಲಿ ಬೇಸಿಗೆ ರಜೆ, ಇಲ್ಲಿ ಆಟಿ ತಿಂಗಳ ಜಡಿಮಳೆ. ಆಡುವವರು ಊರಿಗೆ ಬಂದಾಗ ಮೈದಾನ ಕೆಸರುಗದ್ದೆ. ಎಂತ ಮಾಡುವುದು ಮಾರಾಯ್ರೆ?

ಇಲ್ಲಿಂದ ನನ್ನ ನಿಜವಾದ ವಿಷಯ ಶುರು.

ಗಾಲ್ಫಿನ ತವರು ಅಂತ ಹೇಳುವ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿ.ಮೀ. ಆಸುಪಾಸು. ಮಂಗಳೂರಿನಲ್ಲಿ 3,500 ಮಿ.ಮೀ. ದಾಟುತ್ತದೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಲ್ಲಿಯ ನಕ್ಷೆ ತಂದು ಇಲ್ಲಿ ಹಾಸಿದರೆ ಏನಾಗುತ್ತದೆ ಅಂತ ಅಡಿಕೆ ತೋಟ ಇರುವವರು ಯಾರಾದರೂ ಹೇಳಿಯಾರು. ಮೇ ತಿಂಗಳಲ್ಲಿ ನಾವು ಕಣಿ, ಅಂದ್ರೆ ನೀರು ಬಸಿದು ಹೋಗುವ ಕಾಲುವೆ, ಬಿಡಿಸುತ್ತೇವೆ. ನೀರು ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ ಅಂತ ಅಜ್ಜನ ಕಾಲದಿಂದ ಗೊತ್ತು. ಗಾಲ್ಫ್ ಗ್ರೀನಿಗೂ ಅದೇ ರೋಗ. ಅಲ್ಲಿ ಕಣಿ ಹುಲ್ಲಿನ ಕೆಳಗಿರುತ್ತದೆ, ಅಷ್ಟೇ ವ್ಯತ್ಯಾಸ.

ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಒಂದು ವಿಧಾನ ಪ್ರಕಟಿಸಿತು. ಎಲ್ಲಕ್ಕಿಂತ ಕೆಳಗೆ ಬಸಿಯುವ ಪೈಪು. ಅದರ ಮೇಲೆ ಸುಮಾರು 10 ಸೆಂ.ಮೀ. ಜಲ್ಲಿ. ಅದರ ಮೇಲೆ 30 ಸೆಂ.ಮೀ. ಮರಳಿನ ಮಿಶ್ರಣ. ಅದರ ಮೇಲೆ ಹುಲ್ಲು. ಮರಳು ನಯವಾಗಿ, ಜಲ್ಲಿ ದಪ್ಪವಾಗಿ ಇರುವುದರಿಂದ ಸ್ವಲ್ಪ ನೀರು ಮರಳಿನಲ್ಲೇ ತೂಗುತ್ತಾ ನಿಲ್ಲುತ್ತದೆ, ಬೇರಿಗೆ ಸಿಗುತ್ತದೆ. ಜೋರು ಮಳೆ ಬಂದು ತೂಕ ಜಾಸ್ತಿಯಾದಾಗ ಉಳಿದದ್ದು ಜಲ್ಲಿಗೆ ಇಳಿದು ಪೈಪಿಗೆ ಹೋಗುತ್ತದೆ. ಚೆಂದದ ಉಪಾಯ.

ಈಗ ಮರಳಿನ ಲೆಕ್ಕ. ಒಂದು ಗ್ರೀನ್ 500 ಚದರ ಮೀಟರ್ ಅಂತ ಇಟ್ಟುಕೊಂಡರೆ 150 ಘನ ಮೀಟರ್ ಮರಳು. ಒಂಬತ್ತಕ್ಕೆ 1,350. ಟಿಪ್ಪರಿನಲ್ಲಿ ನೂರೈವತ್ತು ಲೋಡ್ ದಾಟುತ್ತದೆ. ಮರಳು ಅಂದ ಕೂಡಲೇ ಇಲ್ಲಿ ಕೆಲವರ ಕಿವಿ ನೆಟ್ಟಗಾಯಿತು, ನೋಡಿದೆ. ನಮ್ಮೂರಲ್ಲಿ ಸ್ವಂತ ಮನೆಗೆ ಮರಳು ತರಿಸುವುದೇ ಎಂಥ ಕಷ್ಟ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಇದನ್ನು ಟೆಂಡರಿನ ಕೊನೆಯ ಪುಟದಲ್ಲಿ ಬರೆಯಬಾರದು. ಮೊದಲ ಪುಟದಲ್ಲೇ ಬರಬೇಕು. ಬಂದ ಮರಳನ್ನು ಕಾಳಿನ ಗಾತ್ರ ನೋಡಿ ಜರಡಿ ಹಿಡಿದು ಪರೀಕ್ಷೆ ಮಾಡಬೇಕು. ಉಪ್ಪು ಇರಬಾರದು, ಧೂಳು ಇರಬಾರದು.

ಧೂಳಿನ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ನಾನಿದ್ದ ಒಂದು ಮೈದಾನದಲ್ಲಿ, ಹೆಸರು ಬೇಡ, ಮೊದಲು ಕಟ್ಟಡಕ್ಕೆ ದುಡ್ಡು ಸುರಿದರು. ಅಮೃತಶಿಲೆ, ಕಾರಂಜಿ, ಎಲ್ಲ ಬಂತು. ಗ್ರೀನಿಗೆ ಉಳಿದದ್ದು ಸ್ವಲ್ಪ. ತೊಳೆಯದ ಮರಳು ಹಾಕಿದರು. ನಾನು ಆಗ ಹೊಸಬ, ನೋಡಿಯೂ ಸುಮ್ನಿದ್ದೆ. ಮೇಲಿನಿಂದ ಗಡಿಯಾರ ನೋಡಿ ದಿನಾ ನೀರು ಬೇರೆ ಬಿಡುತ್ತಿದ್ದೆ. ಆರು ತಿಂಗಳಲ್ಲಿ ಹುಲ್ಲು ಹಳದಿಯಾಯಿತು. ಕುಳಿ ತೋಡುವ ಸಾಧನದಿಂದ ಒಂದು ತುಂಡು ಮಣ್ಣು ಎತ್ತಿದಾಗ ನಡುವೆ ಮಸಿಯ ಹಾಗೆ ಒಂದು ಕಪ್ಪು ಪದರ, ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದೆ ನೀರು ನಿಂತರೆ ಹೀಗಾಗುತ್ತದೆ. ಗ್ರೀನ್ ಪೂರ್ತಿ ಅಗೆದು ಮತ್ತೆ ಕಟ್ಟಿದರು. ಅಮೃತಶಿಲೆಯ ಮೇಲೆ ಕೂತು ಚಾ ಕುಡಿಯಲು ಆ ಸೀಸನ್ನಿನಲ್ಲಿ ಯಾರೂ ಬರಲಿಲ್ಲ.

ಗ್ರೀನಿಗೆ ಇಷ್ಟು. ಫೇರ್‌ವೇಗೆ ಇಷ್ಟೆಲ್ಲ ಬೇಡ. ಪದವಿನ ನೆಲಕ್ಕೆ ಇಳಿಜಾರು ತಾನಾಗಿಯೇ ಇರುತ್ತದೆ. ಮುರಕಲ್ಲು ತೂತುತೂತಾಗಿ ನೀರು ಹೀರುತ್ತದೆ ನಿಜ, ಆದರೆ ಮೇಲೆ ಅರ್ಧ ಅಡಿಯೂ ಮಣ್ಣಿರುವುದಿಲ್ಲ. ಕಲ್ಲು ತಗ್ಗಾಗಿರುವ ಕಡೆ ನೀರು ಬಾವಿ ಕಟ್ಟಿದ ಹಾಗೆ ನಿಲ್ಲುತ್ತದೆ. ಅಲ್ಲಿ ಕಲ್ಲು ಕಡಿದು ಕಣಿ ಮಾಡಿ ತೋಡಿಗೆ ಸೇರಿಸಬೇಕು. ಹೀಗೆ ಮಾಡಿದರೆ ಮಳೆ ಬಿಟ್ಟ ಅರ್ಧ ಗಂಟೆಗೆ ಆಟ ಮುಂದುವರಿಯುತ್ತದೆ. ಆಟಿಯಲ್ಲೂ ದಿನಪೂರ್ತಿ ಮಳೆ ಬರುವ ದಿನ ಕಡಿಮೆ, ನಡುನಡುವೆ ಬಿಡುವು ಉಂಟಲ್ವಾ? ಆ ಬಿಡುವನ್ನು ಮಾರುವುದೇ ನಮ್ಮ ವ್ಯಾಪಾರ. ಸಿಡಿಲಿನ ದಿನ ಮಾತ್ರ ಬಾಗಿಲು ಹಾಕಲೇಬೇಕು. ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಲ್ಲುವ ಆಟ ಅದು.

ಹುಲ್ಲು ಯಾವುದು? ಬಿಸಿ ನಾಡಿನ ಗಾಲ್ಫ್ ಮೈದಾನಗಳಲ್ಲಿ ಬರ್ಮುಡಾ ಹುಲ್ಲು ಅಂತ ದೊಡ್ಡ ಹೆಸರು. ಅದು ಬೇರೇನೂ ಅಲ್ಲ, ನಾವು ಗಣಪತಿಗೆ ಇಡುವ ಗರಿಕೆ. ಅಮೆರಿಕದಲ್ಲಿ ಅದನ್ನು ಆಫ್ರಿಕದ ಇನ್ನೊಂದು ತಳಿಯ ಜೊತೆ ಸೇರಿಸಿ ಗ್ರೀನಿಗೆ ಬೇಕಾದ ಕುಳ್ಳ ತಳಿ ಮಾಡಿದರು, ಮೂರ್ನಾಲ್ಕು ಮಿ.ಮೀ. ಎತ್ತರಕ್ಕೆ ಕತ್ತರಿಸಿದರೂ ಬದುಕುತ್ತದೆ. ಆದರೆ ಗರಿಕೆಗೆ ಬಿಸಿಲು ಬೇಕು. ನಮ್ಮ ಮಳೆಗಾಲದ ಮೋಡದಲ್ಲಿ ಅದು ಸೊರಗುತ್ತದೆ. ಪಾಸ್ಪಲಮ್ ಅಂತ ಕಡಲತಡಿಯ ಹುಲ್ಲು ಒಂದಿದೆ, ಉಪ್ಪು ನೀರನ್ನೂ ಮೋಡವನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ. ಯಾವುದು ಒಳ್ಳೆಯದು ಅಂತ ಪುಸ್ತಕ ನೋಡಿ ತೀರ್ಮಾನ ಮಾಡುವ ಬದಲು ಮೂಲೆಯಲ್ಲಿ ನಾಲ್ಕು ಪಾತಿ ಹಾಕಿ ಎರಡು ಮಳೆಗಾಲ ನೋಡಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಚೇಂಬರ್ಸ್ ಬೇ ಅಂತ ಇದೆ. ಅಲ್ಲಿನ ಕೌಂಟಿ, ಅಂದ್ರೆ ನಮ್ಮ ಜಿಲ್ಲಾಡಳಿತದಂಥದ್ದು, ಹಳೆಯ ಮರಳು ಮತ್ತು ಜಲ್ಲಿಯ ಕ್ವಾರಿಯನ್ನು ಮೈದಾನ ಮಾಡಿ 2007ರಲ್ಲಿ ತೆರೆಯಿತು. ಸ್ಕಾಟ್ಲೆಂಡಿನ ಹಾಗೆ ಕಾಣಲಿ ಅಂತ ಗ್ರೀನಿಗೂ ಫೆಸ್ಕ್ಯೂ ಹುಲ್ಲು ಹಾಕಿದರು. 2015ರಲ್ಲಿ ಯುಎಸ್ ಓಪನ್ ಗಾಲ್ಫ್ ಟೂರ್ನಿ ಬಂತು. ಚೆಂಡು ಗ್ರೀನಿನ ಮೇಲೆ ಕುಪ್ಪಳಿಸುತ್ತದೆ ಅಂತ ಹಲವು ಆಟಗಾರರು ಟಿವಿ ಮುಂದೆಯೇ ದೂರಿದರು. ಅಷ್ಟರಲ್ಲಿ ಆ ಕಡೆ ತಾನಾಗಿ ಹಬ್ಬುವ ಪೋವಾ ಹುಲ್ಲು ನಡುವೆ ನುಗ್ಗಿತ್ತು. ಕೊನೆಗೆ ಗ್ರೀನುಗಳನ್ನೆಲ್ಲ ಪೋವಾ ಹುಲ್ಲಿಗೇ ಬದಲಾಯಿಸಿದರು. ನಮ್ಮಲ್ಲೂ ರಫ್ ಇರುವ ಕಡೆ ಪದವಿನಲ್ಲಿ ತಾನಾಗಿ ಬೆಳೆಯುವ ಮುಳಿಹುಲ್ಲನ್ನು ಹಾಗೇ ಬಿಡಬಹುದು. ಅದಕ್ಕೆ ನೀರು ಬೇಡ, ಗೊಬ್ಬರ ಬೇಡ. ನವೆಂಬರಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿದ ಮುಳಿ, ಕೆಂಪು ಕಲ್ಲು, ಆಚೆ ಒಂದು ನವಿಲು. ಇದನ್ನು ನೋಡಲು ಯಾರೂ ದುಬೈಗೆ ಹೋಗಲಾರರು.

ಇನ್ನು ಬೇಸಿಗೆ. ಏಪ್ರಿಲ್ ಬಂತೆಂದರೆ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಅಂತ ಪೇಪರಿನಲ್ಲಿ ಓದುವವರು ನಾವು. ಆ ಹೊತ್ತಿಗೆ ಒಂದು ಮೈದಾನ ನಲ್ಲಿ ನೀರಲ್ಲಿ ಹಸಿರಾಗಿದ್ದರೆ ಜನ ಸುಮ್ನಿರುತ್ತಾರಾ? ಇರಬಾರದು ಕೂಡ. ಲೆಕ್ಕ ನೋಡಿ. ಒಂದು ಎಕರೆ ಮೇಲೆ 1 ಮಿ.ಮೀ. ನೀರು ಅಂದರೆ ಸುಮಾರು 4,000 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಕೊಡಬೇಕು ಅಂತ ಇಟ್ಟುಕೊಳ್ಳಿ. ಮೂವತ್ತು ಎಕರೆಗೆ 6 ಲಕ್ಷ ಲೀಟರ್, ದಿನಾ! ಮುಳಿಹುಲ್ಲಿಗೆ ಅದರ ಜಾಗ ಬಿಟ್ಟುಕೊಟ್ಟು, ಗ್ರೀನ್, ಟೀ, ಚೆಂಡು ಬೀಳುವ ಜಾಗ ಅಂತ ಹನ್ನೆರಡು ಎಕರೆಗೆ ಇಳಿಸಿದರೆ 2.4 ಲಕ್ಷ. ಜನವರಿಯಿಂದ ಮಳೆ ಬರುವವರೆಗೆ 130 ದಿನ ಅಂದರೂ 3 ಕೋಟಿ ಲೀಟರ್ ದಾಟುತ್ತದೆ. ದೊಡ್ಡ ಸಂಖ್ಯೆ. ಆದರೆ ಒಂದು ಎಕರೆ ಮೇಲೆ ವರ್ಷಕ್ಕೆ ಬೀಳುವ ಮಳೆಯೇ 1.4 ಕೋಟಿ ಲೀಟರ್. ಅಂದರೆ ಎರಡೂವರೆ ಎಕರೆಯ ಮಳೆ ಪೂರ್ತಿ ಹಿಡಿದರೆ ಅಷ್ಟು ನೀರು ಬಂತು. ಆವಿಯಾಗುವುದು, ಇಂಗುವುದು ಸೇರಿಸಿ ಇದರ ದುಪ್ಪಟ್ಟು ಹಿಡಿಯಬೇಕು ಅನ್ನಿ.

ಹಿಡಿಯುವುದು ಎಲ್ಲಿ? ಮದಕದಲ್ಲಿ. ಗುಡ್ಡದ ತಗ್ಗಿಗೆ ಏರಿ ಕಟ್ಟಿ ಮಳೆನೀರು ನಿಲ್ಲಿಸುವ ಮದಕ ನಮ್ಮ ಹಿರಿಯರದ್ದೇ ಕೆಲಸ. ಎಷ್ಟೋ ಮದಕ ಈಗ ಹೂಳು ತುಂಬಿ ಮೈದಾನದ ಹಾಗೆ ಕಾಣುತ್ತವೆ. ಅಂಥದ್ದೊಂದನ್ನು ಬಿಡಿಸಿ, ಮುರಕಲ್ಲಿನಲ್ಲಿ ಸೋರದ ಹಾಗೆ ಜೇಡಿ ಮೆತ್ತಿದರೆ, ಆಟಕ್ಕೆ ನೀರಿನ ಅಡ್ಡಿಯೂ ಆಯಿತು, ಕೆಳಗಿನ ಬಾವಿಗಳಿಗೆ ಒಸರೂ ಆಯಿತು. ಸಾಲದಿದ್ದರೆ ಒಳಚರಂಡಿ ಘಟಕದ ಶುದ್ಧೀಕರಿಸಿದ ನೀರು ಇದೆ. ಬಾವಿ ಅಂದಾಗ ಇನ್ನೊಂದು ಮಾತು. ಗ್ರೀನಿಗೆ ಹಾಕುವ ಗೊಬ್ಬರ, ಔಷಧಿ ಕೆಳಗಿನ ಮನೆಗಳ ಬಾವಿಗೆ ಇಳಿಯುವ ಸಾಧ್ಯತೆ ಉಂಟು. ಕೆಲಸ ಶುರುವಾಗುವ ಮೊದಲೇ ಸುತ್ತಲಿನ ಬಾವಿಗಳ ನೀರು ಪರೀಕ್ಷೆ ಮಾಡಿಸಿ ಆ ಕಾಗದ ಮನೆಯವರ ಕೈಗೇ ಕೊಡಿ. ಪ್ರತಿ ವರ್ಷ ಮತ್ತೆ ಮಾಡಿಸಿ. ಇಲ್ಲದಿದ್ದರೆ ಮುಂದೆ ಯಾವ ಬಾವಿ ಕೆಟ್ಟರೂ ಮೈದಾನವನ್ನೇ ಬೈಯುತ್ತಾರೆ, ಸರಿಯಾಗಿದ್ದರೂ ನಂಬುವುದಿಲ್ಲ.

ಕೊನೆಯದಾಗಿ ದರ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನವರು ಎರಡು ನಿಮಿಷಕ್ಕೆ ಜಗಳಾಡುವುದನ್ನು ನೋಡಿದ್ದೀರಿ. ಗಾಲ್ಫಿನಲ್ಲೂ ಮಾರುವುದು ಟೈಮಿಂಗೇ. ಹತ್ತು ನಿಮಿಷಕ್ಕೊಂದು ತಂಡ, ತಂಡಕ್ಕೆ ನಾಲ್ಕು ಜನ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆಗೆ 12 ತಂಡ, 48 ಜನ. ಅವರಲ್ಲಿ ಹದಿನೆಂಟು ಆಡುವವರು ಎರಡನೇ ಸುತ್ತಿಗೆ ಬರುವುದರಿಂದ ಮುಂದಿನ ಎರಡು ಗಂಟೆ ಹೊಸಬರಿಗೆ ಜಾಗವಿಲ್ಲ. ಬಿಸಿಲೇರುವ ಮುಂಚಿನ ನಮ್ಮ ಮಾಲು ಇಷ್ಟೇ. ಇದರಲ್ಲಿ ಊರಿನವರಿಗೆಷ್ಟು, ಹೊರಗಿನವರಿಗೆಷ್ಟು ಅಂತ ಮೊದಲೇ ಬರೆದಿಡಬೇಕು. ಸ್ಯಾನ್ ಡಿಯೇಗೊ ನಗರದ ಟೋರಿ ಪೈನ್ಸ್ ನಗರದ್ದೇ ಮೈದಾನ. 2001ರಲ್ಲಿ ಅದರ ಸೌತ್ ಕೋರ್ಸನ್ನು ಹೊಸದಾಗಿ ಮಾಡಿಸಿದರು, 2008ರಲ್ಲಿ ಯುಎಸ್ ಓಪನ್ ನಡೆಯಿತು, ಟೈಗರ್ ವುಡ್ಸ್ ಗೆದ್ದರು. ಅಲ್ಲಿ ಹೊರಗಿನವರು ಊರಿನವರ ಮೂರು ಪಟ್ಟು ಕೊಡುತ್ತಾರೆ. ನಮಗೂ ಇದು ಹೊಸದಲ್ಲ. ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ನಮಗೆ 40 ರೂಪಾಯಿ, ವಿದೇಶದವರಿಗೆ 600.

ಸೇಂಟ್ ಆಂಡ್ರ್ಯೂಸ್‌ನವರು ಇನ್ನೂ ಜಾಣರು. ಅಲ್ಲಿನ ಓಲ್ಡ್ ಕೋರ್ಸ್ ಸಾರ್ವಜನಿಕ ಜಾಗ, ಒಂದು ಟ್ರಸ್ಟ್ 1974ರಿಂದ ನೋಡಿಕೊಳ್ಳುತ್ತಿದೆ. ಹೊರಗಿನವರಿಗೆ ಸೀಸನ್ನಿನಲ್ಲಿ ಒಂದು ಸುತ್ತಿಗೆ 300 ಪೌಂಡ್ ದಾಟುತ್ತದೆ. ಅಷ್ಟು ದುಡ್ಡು ಬರುವ ಜಾಗವನ್ನು ಭಾನುವಾರ ಮುಚ್ಚುತ್ತಾರೆ. ಊರಿನವರು ನಾಯಿ ಹಿಡಿದು, ಮಕ್ಕಳನ್ನು ಕರಕೊಂಡು ಅದರ ಮೇಲೆ ನಡೆದಾಡುತ್ತಾರೆ. ಪಕ್ಕದಲ್ಲೇ ಹಿಮಾಲಯಾಸ್ ಅಂತ ಏರುತಗ್ಗಿನ ಒಂದು ಹುಲ್ಲಿನ ಜಾಗ ಇದೆ. 1867ರಲ್ಲಿ ಹೆಂಗಸರ ಕ್ಲಬ್ ಶುರುಮಾಡಿದ್ದು. ನಾಲ್ಕು ಕಾಸು ಕೊಟ್ಟು ಯಾರು ಬೇಕಾದರೂ ಹೋಗಿ ಕುಳಿಗೆ ಚೆಂಡು ಉರುಳಿಸಬಹುದು. ಇಂಥದ್ದೊಂದು ನಮ್ಮಲ್ಲಿ ಬೇಕು. ಗಾಲ್ಫ್ ಬಾರದ ಅಮ್ಮ, ಅಜ್ಜ, ಮಗು ಮೂವರೂ ಒಂದು ಗಂಟೆ ಆಡಿ, ಗೋಳಿಬಜೆ ತಿಂದು ಹೋಗಲಿ.

ನನ್ನ ಮಾತು ಇಷ್ಟು. ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಶ್ರೀಮಂತರ ಆಟಕ್ಕೆ ಸರಕಾರದ ದುಡ್ಡು ಯಾಕೆ ಸರ್?"

ಒಳ್ಳೆಯ ಪ್ರಶ್ನೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ್ದೇ ಒಂದು ಮೈದಾನ ಇದೆ, ಹಾರ್ಡಿಂಗ್ ಪಾರ್ಕ್, 1925ರದ್ದು. ನೋಡಿಕೊಳ್ಳುವವರಿಲ್ಲದೆ ಹಾಳಾಗಿ, 1998ರಲ್ಲಿ ಪಕ್ಕದ ಕ್ಲಬ್ಬಿನಲ್ಲಿ ದೊಡ್ಡ ಟೂರ್ನಿ ನಡೆದಾಗ ಇದು ಕಾರು ನಿಲ್ಲಿಸುವ ಜಾಗವಾಗಿತ್ತು. ಸುಮಾರು 1.6 ಕೋಟಿ ಡಾಲರ್ ಹಾಕಿ 2003ರಲ್ಲಿ ಮತ್ತೆ ತೆರೆದರು. 2020ರಲ್ಲಿ ಅಲ್ಲೇ ಪಿಜಿಎ ಚಾಂಪಿಯನ್‌ಶಿಪ್ ಎಂಬ ದೊಡ್ಡ ಟೂರ್ನಿ ಆಯಿತು. ಕೇಳಲು ಚೆಂದ. ಆದರೆ ಅಷ್ಟು ದುಡ್ಡು ನಮ್ಮಲ್ಲಿ ಬೇಡವೇ ಬೇಡ. ನನ್ನ ಷರತ್ತು ಎರಡು. ಹೊರಗಿನವರ ದುಡ್ಡಿನಲ್ಲಿ ಮೈದಾನ ತನ್ನ ಖರ್ಚು ತಾನು ನೋಡಿಕೊಳ್ಳಬೇಕು. ಸರಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಎರಡು ಸಂಜೆ ಕೋಲು, ಚೆಂಡು, ಕಲಿಸುವವರು ಸಮೇತ ಬಿಟ್ಟಿ ಸಿಗಬೇಕು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದ ಅದಿತಿ ಅಶೋಕ್ ಬೆಂಗಳೂರಿನಲ್ಲೇ ಆಡಿ ಕಲಿತವರು. ಆಡಲು ಒಂದು ಜಾಗ ಹತ್ತಿರ ಇತ್ತು. ಈ ಎರಡು ಆಗದಿದ್ದರೆ ಆ ಪದವಿನ ನೆಲವನ್ನು ಮುಳಿಹುಲ್ಲಿಗೇ ಬಿಡಿ, ನನಗೇನೂ ಬೇಜಾರಿಲ್ಲ.

"ಕೆಲಸ ಮುಗಿಯುವವರೆಗೆ ಮೈದಾನ ಮುಚ್ಚಬೇಕಾ?"

ಬೇಡ. ವರ್ಷಕ್ಕೆ ಮೂರು ಹೋಲ್ ಮಾತ್ರ ಅಗೆಯಿರಿ, ಉಳಿದ ಆರು ನಡೆಯಲಿ. ನವೆಂಬರಿನಲ್ಲಿ ಅಗೆತ ಶುರುವಾದರೆ ಫೆಬ್ರವರಿಯೊಳಗೆ ಮಣ್ಣಿನ ಕೆಲಸ ಮುಗಿಯಬೇಕು. ಮಾರ್ಚಿನಲ್ಲಿ ಹುಲ್ಲು ನೆಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ಮೇ ಕೊನೆಗೆ ಬರಿ ಮಣ್ಣು ಕಂಡರೆ ಹೋಯಿತು. ಮೊದಲ ಮಳೆಗೇ ನಿಮ್ಮ ಗ್ರೀನ್ ಫಲ್ಗುಣಿ ನದಿ ಸೇರುತ್ತದೆ.

ಕೊನೆಗೆ ಒಬ್ಬ ಹುಡುಗಿ, ಎಂಜಿನಿಯರಿಂಗ್ ಓದುವವಳು: "ದುಡ್ಡು ಇನ್ನೂ ಬಂದಿಲ್ಲ, ಯೋಜನೆಯೂ ಇಲ್ಲ. ಈಗಲೇ ಮಾಡಬಹುದಾದ ಕೆಲಸ ಏನಾದರೂ ಉಂಟಾ ಸರ್?"

ಉಂಟು ಮಗಾ. ಐವತ್ತು ಬಿದಿರಿನ ಗೂಟ, ಒಂದು ಡಬ್ಬ ಕೆಂಪು ಬಣ್ಣ, ಒಂದು ಮಳೆಮಾಪಕ. ಜೂನ್ ಮಧ್ಯದಲ್ಲಿ ಒಂದು ಜೋರು ಮಳೆ ಬಿಡುವುದನ್ನು ಕಾದು, ಬಿಟ್ಟ ಅರ್ಧ ಗಂಟೆಗೆ ಮೈದಾನ ಪೂರ್ತಿ ನಡೆಯಬೇಕು. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಗೂಟ ಹೊಡೆಯಬೇಕು. ಸಂಜೆ ಮತ್ತೆ ಹೋಗಿ, ಆಗಲೂ ನೀರಿದ್ದ ಗೂಟಕ್ಕೆ ಬಣ್ಣ ಬಳಿಯಬೇಕು. ಮಳೆ ಎಷ್ಟು ಬಿತ್ತು ಅಂತ ಬರೆದಿಟ್ಟುಕೊಳ್ಳಬೇಕು. ಇದನ್ನು ಆ ತಿಂಗಳಲ್ಲಿ ನಾಲ್ಕು ಸಲ ಮಾಡಿದರೆ ಅರ್ಧ ನಕ್ಷೆ ಸಿಕ್ಕಿತು. ನಾನೂ ಬರುತ್ತೇನೆ. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ರೈನ್‌ಕೋಟ್ ತಾ.